18ನೇ ಶತಮಾನದ ಇಂಗ್ಲೆಂಡಿನಲ್ಲಿ ಎಸ್ಟೇಟ್ ಕಾಡಿನ ನಾಟಾ ಮಾರಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಎಸ್ಟೇಟುಗಳ ಲೆಕ್ಕದ ಪುಸ್ತಕ, ಕರಾರುಪತ್ರಗಳನ್ನು ಓದಲು ಕೂತವರಿಗೆ ಎದುರಾಗುವ ಪ್ರಶ್ನೆಗಳಿವು. ಮರ ಕಡಿಯುವುದು ಈ ವ್ಯವಹಾರದಲ್ಲಿ ಸುಲಭದ ಕೆಲಸ. ಮರ ಯಾರ ಹಕ್ಕಿನದು, ಅಳೆದವರು ಯಾರು, ಸಾಗಿಸುವ ದಾರಿ ಹೇಗಿದೆ ಎಂಬ ಮೂರರ ಮೇಲೆ ಲಾಭ ನಷ್ಟ ನಿಂತಿತ್ತು.

ಕಾನೂನಿನ ಪ್ರಕಾರ ನಾಟಾ ಮರ ಯಾವುದು?

ಓಕ್, ಆಶ್, ಎಲ್ಮ್. 20 ವರ್ಷ ದಾಟಿದ್ದರೆ ಈ ಮೂರೂ ಇಂಗ್ಲೆಂಡಿನ ಉದ್ದಗಲಕ್ಕೂ ನಾಟಾ ಮರಗಳೇ. ಮಿಕ್ಕವು ಆಯಾ ಸೀಮೆಯ ರೂಢಿಗೆ ಬಿಟ್ಟದ್ದು. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಬೀಚ್ ಮರವೇ ಹೆಚ್ಚು, ಹಾಗಾಗಿ ಅಲ್ಲಿ ಬೀಚ್ ಕೂಡ ನಾಟಾ.

ಒಂದೇ ಕಾಡಿನಲ್ಲಿ ಎರಡು ಫಸಲು ಇರುತ್ತಿದ್ದವು ಎಂಬುದನ್ನು ಮರೆಯಬಾರದು. ಎತ್ತರಕ್ಕೆ ಬೆಳೆಯಲು ಬಿಟ್ಟ ಓಕ್‌ಗಳು ಒಂದು. ಅವುಗಳ ನಡುವೆ ಹೇಝಲ್, ಆಶ್, ಚೆಸ್ಟ್‌ನಟ್ ಗಿಡಗಳನ್ನು ಬುಡಮಟ್ಟ ಕಡಿದು, ಕೂಳೆಯಿಂದ ಮತ್ತೆ ಚಿಗುರಲು ಬಿಟ್ಟ ಕಿರುಗಾಡು ಇನ್ನೊಂದು. ಓಕ್ ಒಂದು ತಲೆಮಾರಿಗೊಮ್ಮೆ, ಇಲ್ಲವೇ ಮೂರು ತಲೆಮಾರಿಗೊಮ್ಮೆ ದುಡ್ಡು ಕೊಡುತ್ತಿತ್ತು. ಕಿರುಗಾಡು ಹತ್ತು ಹದಿನೈದು ವರ್ಷಕ್ಕೊಮ್ಮೆ ಕೊಡುತ್ತಿತ್ತು. ಎರಡಕ್ಕೂ ಲೆಕ್ಕ ಬೇರೆ, ಕೊಳ್ಳುವವರು ಬೇರೆ, ತೆರಿಗೆಯೂ ಬೇರೆ. 1371ರ ಕಾಯ್ದೆಯಿಂದಾಗಿ 20 ವರ್ಷ ದಾಟಿದ ನಾಟಾ ಮರಕ್ಕೆ ಚರ್ಚಿನ ದಶಾಂಶ (ಹುಟ್ಟುವಳಿಯ ಹತ್ತನೇ ಒಂದು ಪಾಲು) ಇರಲಿಲ್ಲ, ಕಿರುಗಾಡಿನ ಕಟಾವಿಗೆ ಸಾಮಾನ್ಯವಾಗಿ ಇತ್ತು. ಲೆಕ್ಕ ಬರೆಯುವಾಗ ಎರಡನ್ನೂ ಬೆರೆಸಿದರೆ ಪಾದ್ರಿಯ ಜೊತೆ ವ್ಯಾಜ್ಯ ಶುರುವಾಗುತ್ತಿತ್ತು.

ಜಮೀನ್ದಾರ ತನಗೆ ಬೇಕಾದಾಗ ಮರ ಕಡಿಸಿ ಮಾರಬಹುದಿತ್ತೇ?

ಬಹಳಷ್ಟು ಸಲ ಆಗುತ್ತಿರಲಿಲ್ಲ. ದೊಡ್ಡ ಎಸ್ಟೇಟುಗಳು ಕುಟುಂಬದ ವ್ಯವಸ್ಥಾಪತ್ರಕ್ಕೆ ಕಟ್ಟುಬಿದ್ದಿದ್ದವು. ಈಗಿನ ಒಡೆಯನಿಗೆ ಇರುತ್ತಿದ್ದುದು ಬದುಕಿರುವವರೆಗೆ ಅನುಭವಿಸುವ ಹಕ್ಕು ಮಾತ್ರ, ಆಸ್ತಿ ಮುಂದಿನ ವಾರಸುದಾರನದು. ಇಂಥ ಒಡೆಯ ನಾಟಾ ಮರ ಕಡಿದರೆ ಆಸ್ತಿಯನ್ನು ಹಾಳುಮಾಡಿದ ತಪ್ಪಾಗುತ್ತಿತ್ತು. ಪತ್ರದಲ್ಲಿ ‘ಹಾಳುಮಾಡಿದ್ದಕ್ಕೆ ಹೊಣೆಯಿಲ್ಲ’ ಎಂಬ ಷರತ್ತು ಬರೆದಿದ್ದರೆ ಅವನಿಗೆ ಕಡಿಯುವ ಅಧಿಕಾರ ಸಿಗುತ್ತಿತ್ತು. ಹಾಗಾಗಿ ಜಾಣ ವರ್ತಕ ಮೊದಲು ಪತ್ರ ನೋಡುತ್ತಿದ್ದ, ಮರ ನೋಡುತ್ತಿದ್ದುದು ಆಮೇಲೆ.

ಆ ಷರತ್ತಿಗೂ ಮಿತಿ ಇತ್ತು. ಡರ್ಹ್ಯಾಮ್ ಸೀಮೆಯ ರೇಬಿ ಕೋಟೆಯ ಲಾರ್ಡ್ ಬರ್ನಾರ್ಡ್ ಮಗನ ಮೇಲಿನ ಸಿಟ್ಟಿಗೆ ಕೋಟೆಯ ಸೀಸ, ಕಬ್ಬಿಣ, ಗಾಜು, ಬಾಗಿಲುಗಳನ್ನೆಲ್ಲ ಕೀಳಿಸಿದ. ಅವನ ಪತ್ರದಲ್ಲಿ ಹೊಣೆಯಿಲ್ಲ ಎಂಬ ಷರತ್ತು ಇದ್ದೇ ಇತ್ತು. ಆದರೂ 1716ರಲ್ಲಿ ಚಾನ್ಸರಿ ನ್ಯಾಯಾಲಯ ಅವನನ್ನು ತಡೆದು, ಎಲ್ಲವನ್ನೂ ಮೊದಲಿನಂತೆ ಮಾಡಿಸಿಕೊಡಲು ಹೇಳಿತು. ಮನೆಯ ಸುತ್ತ ಅಂದಕ್ಕೆ, ನೆರಳಿಗೆ ಬೆಳೆಸಿದ ಮರಗಳನ್ನು ಮತ್ತು ಇನ್ನೂ ಬಲಿಯದ ಎಳೆಮರಗಳನ್ನು ಕಡಿಯುವುದನ್ನು ತಡೆಯಲು ಮುಂದೆ ಇದೇ ತತ್ವ ಆಧಾರವಾಯಿತು.

ಗೇಣಿದಾರನ ಹೊಲದ ಬೇಲಿಯಲ್ಲಿದ್ದ ಮರ ಯಾರದು?

ಒಡೆಯನದು. ಗೇಣಿಪತ್ರದಲ್ಲಿ ನಾಟಾ ಮರವನ್ನು ಸ್ಪಷ್ಟವಾಗಿ ಹೊರಗಿಟ್ಟಿರುತ್ತಿದ್ದರು. ಮನೆ ರಿಪೇರಿ, ನೇಗಿಲು ಬಂಡಿ, ಬೇಲಿಗೆ ಬೇಕಾದಷ್ಟು ಕಟ್ಟಿಗೆಯ ಹಕ್ಕು ಮಾತ್ರ ಗೇಣಿದಾರನಿಗೆ. ಮರದ ನೆರಳಿಗೆ ಬೆಳೆ ಸೊರಗಿ ನಷ್ಟವಾಗುತ್ತಿದ್ದುದು ಅವನಿಗೆ, ಮರ ಮಾರಿದ ಹಣ ಹೋಗುತ್ತಿದ್ದುದು ಒಡೆಯನಿಗೆ. ಈ ಅಸಮಾಧಾನ ಅರ್ಥವಾಗುವಂಥದ್ದೇ.

ಕಾಪಿಹೋಲ್ಡ್ ಜಮೀನಿನಲ್ಲಿ, ಅಂದರೆ ಮೇನರ್ ಎಂಬ ಹಳೆಯ ಜಹಗೀರಿನ ರೂಢಿಯಂತೆ ರೈತ ಹಿಡಿದ ಜಮೀನಿನಲ್ಲಿ, ಇನ್ನೂ ದೊಡ್ಡ ಗಂಟು. ಮರ ಮೇನರಿನ ಒಡೆಯನದಾದರೂ ರೂಢಿ ಇಲ್ಲದ ಕಡೆ ಅವನು ಒಳಗೆ ಬಂದು ಕಡಿಯುವಂತಿಲ್ಲ. ಒಡೆಯನ ಒಪ್ಪಿಗೆಯಿಲ್ಲದೆ ರೈತನೂ ಕಡಿಯುವಂತಿಲ್ಲ. ಹಾಗಾಗಿ ಓಕ್ ಸಸಿ ತಲೆಯೆತ್ತಿದ ಕೂಡಲೇ ರೈತ ಅದನ್ನು ಚಿವುಟಿಹಾಕುತ್ತಿದ್ದ. ಇಬ್ಬರ ಒಪ್ಪಿಗೆ ಪಡೆದು ಹಣ ಹಂಚಿಕೊಂಡ ಕಡೆ ಮಾತ್ರ ಇಂಥ ಜಮೀನಿನಲ್ಲಿ ಒಳ್ಳೆಯ ಮರ ಉಳಿಯಿತು.

ಗಾಳಿಗೆ ಉರುಳಿದ ಮರ ಯಾರಿಗೆ ಸೇರುತ್ತಿತ್ತು?

ಕಟ್ಟುಬಿದ್ದ ಎಸ್ಟೇಟಿನಲ್ಲಿ ಗಟ್ಟಿ ನಾಟಾ ಮರ ಉರುಳಿದರೆ ಅದು ಮುಂದಿನ ವಾರಸುದಾರನಿಗೆ. ಟೊಳ್ಳಾಗಿ ನಾಟಾಕ್ಕೆ ಬಾರದ ಮುದಿಮರವಾದರೆ ಈಗಿನ ಅನುಭವದಾರನಿಗೆ. 1703ರ ನವೆಂಬರ್ ಬಿರುಗಾಳಿಯಂಥದ್ದು ಬಂದು ಸಾವಿರಗಟ್ಟಲೆ ಮರ ಮಲಗಿದಾಗ, ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ವಿಂಗಡಿಸುವುದೇ ಪಾರುಪತ್ಯಗಾರನ ಮೊದಲ ಕೆಲಸ.

ಮರ ಕಡಿಯುವ ಕಾಲ ಯಾವುದು?

ಆಶ್, ಎಲ್ಮ್, ಬೀಚ್ ಮರಗಳನ್ನು ರಸ ಇಳಿದ ಚಳಿಗಾಲದಲ್ಲಿ, ನವೆಂಬರ್‌ನಿಂದ ಫೆಬ್ರವರಿಯೊಳಗೆ ಕಡಿಯುತ್ತಿದ್ದರು. ಓಕ್‌ಗೂ ಚಳಿಗಾಲವೇ ಒಳ್ಳೆಯದೆಂದು ಹಡಗು ಕಟ್ಟುವವರು ಸದಾ ಹೇಳುತ್ತಿದ್ದರು. ಆದರೂ ಓಕ್ ಉರುಳುತ್ತಿದ್ದುದು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ. ಕಾರಣ ತೊಗಟೆ. ಚರ್ಮ ಹದ ಮಾಡುವವರಿಗೆ ಓಕ್ ತೊಗಟೆ ಬೇಕೇ ಬೇಕು, ಅದು ಮರದಿಂದ ಸಲೀಸಾಗಿ ಬಿಡುವುದು ವಸಂತದಲ್ಲಿ ರಸ ಏರಿದಾಗ ಮಾತ್ರ. ಮೊದಲನೇ ಜೇಮ್ಸ್ ಕಾಲದ ಕಾಯ್ದೆಯೊಂದು, ತೊಗಟೆಗೆ ಬೆಲೆಯಿರುವ ಓಕನ್ನು ಏಪ್ರಿಲ್ 1ರಿಂದ ಜೂನ್ 30ರ ನಡುವೆಯೇ ಕಡಿಯಬೇಕೆಂದು ವಿಧಿಸಿತ್ತು. ಮನೆ, ಹಡಗು, ಗಿರಣಿ ಕಟ್ಟುವುದಕ್ಕೆ ಕಡಿಯುವ ಮರಕ್ಕೆ ವಿನಾಯಿತಿ ಇತ್ತು. ವಸಂತದಲ್ಲಿ ಕಡಿದ ಓಕ್‌ನಲ್ಲಿ ರಸ ತುಂಬಿರುವುದರಿಂದ ಹೊರಗಿನ ಬೆಳುವು ಬೇಗ ಕೊಳೆಯುತ್ತದೆ, ಹುಳ ಬೀಳುತ್ತದೆ. ಒಳಗಿನ ಚೇಗು ಮಾತ್ರ ಬಾಳುತ್ತದೆ. ಕೊಳ್ಳುವವನು ಈ ನಷ್ಟವನ್ನು ಬೆಲೆಯಲ್ಲಿ ಹಿಡಿದುಕೊಳ್ಳುತ್ತಿದ್ದ.

ತೊಗಟೆ ಬಿಡಿಸುವುದು ಹೇಗೆ? ಎಲ್ಲಿ ಕೆಡುತ್ತಿತ್ತು?

ಮೊಗ್ಗು ಉಬ್ಬಿ ಎಲೆ ಒಡೆಯುವ ಹೊತ್ತಿಗೆ ಕೆಲಸ ಶುರು. ನಿಂತ ಮರದ ಬುಡದ ಸುತ್ತ, ನೆಲಕ್ಕೆ ಹತ್ತಿರದಲ್ಲಿ ಕೊಡಲಿಯಿಂದ ಒಂದು ಗೆರೆ ಹಾಕುತ್ತಾರೆ. ಕೈಗೆಟುಕುವ ಎತ್ತರದಲ್ಲಿ ಇನ್ನೊಂದು ಗೆರೆ. ಎರಡನ್ನೂ ಸೇರಿಸಿ ಉದ್ದಕ್ಕೆ ಸೀಳಿ, ಚಪ್ಪಟೆ ಮೊನೆಯ ಕಬ್ಬಿಣದ ಉಳಿಯನ್ನು ಒಳತೂರಿಸಿ ಮೀಟಿದರೆ ತೊಗಟೆ ಹಾಳೆ ಹಾಳೆಯಾಗಿ ಬಿಡುತ್ತದೆ. ಕೊಡಲಿ ಬೀಳುವ ಜಾಗದ ತೊಗಟೆ ಚೂರಾಗಿ ಹೋಗದಿರಲಿ ಎಂದು ಬುಡದ್ದನ್ನು ಮೊದಲೇ ತೆಗೆಯುವುದು. ಆಮೇಲೆ ಮರ ಉರುಳಿಸಿ, ಕಾಂಡ ಮತ್ತು ದಪ್ಪ ಕೊಂಬೆಗಳ ತೊಗಟೆಯನ್ನು ತಡಮಾಡದೆ ಬಿಡಿಸಬೇಕು. ರಸ ಆರಿದರೆ ತೊಗಟೆ ಕಚ್ಚಿಕೊಳ್ಳುತ್ತದೆ, ಕೂಲಿ ದುಪ್ಪಟ್ಟಾಗುತ್ತದೆ. ಚಳಿಗಾಳಿ ಬೀಸಿದ ದಿನವೂ ಅಷ್ಟೇ. ಹೆಂಗಸರು, ಮಕ್ಕಳು ಕೊಂಬೆಗಳ ಕೆಲಸ ಮಾಡುತ್ತಿದ್ದರು.

ಬಿಡಿಸಿದ ಹಾಳೆಗಳನ್ನು ನೆಲದಿಂದ ಎತ್ತರಕ್ಕೆ ಕಟ್ಟಿದ ಗಳುಗಳ ಮೇಲೆ, ಹೊರಮೈ ಮೇಲೆ ಬರುವಂತೆ ಓರೆಯಾಗಿ ಹಾಸುತ್ತಾರೆ. ಮಳೆ ನೀರು ಹರಿದುಹೋಗಬೇಕು, ಒಳಮೈಗೆ ತಾಗಬಾರದು. ಎರಡು ಮೂರು ವಾರದಲ್ಲಿ ಒಣಗಿ, ಬಗ್ಗಿಸಿದರೆ ಲಟಕ್ಕನೆ ಮುರಿಯುವಂತಾಗುತ್ತದೆ. ಒಳಮೈ ನೆನೆದರೆ ಒಗರು ತೊಳೆದುಹೋಗುತ್ತದೆ, ಬಣ್ಣ ಕಪ್ಪಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಅಂಥ ತೊಗಟೆಯನ್ನು ಹದಗಾರ ಮುಟ್ಟುತ್ತಿರಲಿಲ್ಲ. ಅದಕ್ಕೇ ಎಷ್ಟೋ ಒಡೆಯರು ತೊಗಟೆಯನ್ನು ಮರದ ಮೇಲಿದ್ದಾಗಲೇ ಮಾರಿ, ಮಳೆಯ ಭಯವನ್ನು ಕೊಂಡವನಿಗೆ ದಾಟಿಸುತ್ತಿದ್ದರು. ನಮ್ಮ ದೃಷ್ಟಿಯಲ್ಲಿ ಚಿಕ್ಕ ಎಸ್ಟೇಟಿಗೆ ಅದೇ ಸರಿಯಾದ ದಾರಿ.

ಮರದ ಅಳತೆ ಹೇಗೆ ಮಾಡುತ್ತಿದ್ದರು?

ಇಡೀ ವ್ಯವಹಾರದ ಜೀವ ಇಲ್ಲಿದೆ. ದಿಮ್ಮಿಯ ನಡುವೆ ದಾರ ಸುತ್ತಿ, ಆ ದಾರವನ್ನು ನಾಲ್ಕು ಮಡಿಸಿ ಇಂಚಿನಲ್ಲಿ ಅಳೆದರೆ ಕಾಲು ಸುತ್ತಳತೆ. ಅದನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ.

ಉದಾಹರಣೆಗೆ 24 ಅಡಿ ಉದ್ದದ ದಿಮ್ಮಿ, ನಡುವಿನ ಸುತ್ತಳತೆ 72 ಇಂಚು. ಕಾಲು ಸುತ್ತಳತೆ 18. 18 × 18 × 24 ÷ 144 = 54 ಘನ ಅಡಿ. ಒರಟು ದಿಮ್ಮಿಗೆ ಒಂದು ಲೋಡ್ ಅಂದರೆ 40 ಅಡಿ, ಆದ್ದರಿಂದ ಇದು 1 ಲೋಡ್ 14 ಅಡಿ. ಕೊಡಲಿಯಿಂದ ಚೌಕ ಮಾಡಿದ ಮರಕ್ಕೆ ಲೋಡ್ ಅಂದರೆ 50 ಅಡಿ. ಕಾಗದದಲ್ಲಿ ಬರೀ ‘ಲೋಡ್’ ಎಂದಿದ್ದರೆ ಯಾವ ಲೋಡ್ ಎಂದು ಮೊದಲು ತಿಳಿದುಕೊಳ್ಳಿ. ಹಳೆಯ ಲೆಕ್ಕ ಓದುವವರು ಹೆಚ್ಚು ಎಡವುವುದು ಇಲ್ಲಿಯೇ.

ಆ ದಿಮ್ಮಿಯನ್ನು ಸರಿಯಾದ ವೃತ್ತವೆಂದು ಲೆಕ್ಕ ಹಾಕಿದರೆ ಸುಮಾರು 68¾ ಘನ ಅಡಿ ಬರುತ್ತದೆ. ಅಂದರೆ ಕಾಲು ಸುತ್ತಳತೆಯ ಲೆಕ್ಕದಲ್ಲಿ ನೂರಕ್ಕೆ 21ಕ್ಕಿಂತ ಹೆಚ್ಚು ಭಾಗ ಮಾಯ. ಇದನ್ನು ಮೋಸ ಎನ್ನಲಾಗದು. ಚೌಕ ಮಾಡುವಾಗ ಚಕ್ಕೆಯಾಗಿ ಹೋಗುವ ಭಾಗವನ್ನು ಬಿಟ್ಟು ಎಣಿಸುವ ರೂಢಿ ಅದು, ಇಬ್ಬರಿಗೂ ಗೊತ್ತಿದ್ದದ್ದೇ. ಎಡ್ವರ್ಡ್ ಹಾಪಸ್ 1736ರಲ್ಲಿ ಇದರ ಸಿದ್ಧ ಕೋಷ್ಟಕಗಳನ್ನು ಅಚ್ಚು ಹಾಕಿಸಿದ ಮೇಲೆ ಈ ಅಳತೆಗೆ ಅವನ ಹೆಸರೇ ಅಂಟಿಕೊಂಡಿತು.

ಜಗಳ ಬರುತ್ತಿದ್ದುದು ಎರಡು ಕಡೆ. ಒಂದು, ತೊಗಟೆಯ ಕಡಿತ. ತೊಗಟೆ ಸಮೇತ ಅಳೆದ ಓಕ್‌ಗೆ ಕಾಲು ಸುತ್ತಳತೆಯ ಪ್ರತಿ ಅಡಿಗೆ ಸುಮಾರು 1 ಇಂಚು ಕಳೆಯುತ್ತಿದ್ದರು. ಮೇಲಿನ ದಿಮ್ಮಿಯಲ್ಲಿ 18 ಇಂಚಿನಿಂದ 1½ ಕಳೆದರೆ 16½, ಆಗ 54 ಅಡಿ ಇಳಿದು 45 ಅಡಿ ಚಿಲ್ಲರೆ ಆಗುತ್ತದೆ. ತೊಗಟೆ ಸುಲಿದ ಮರಕ್ಕೂ ಈ ಕಡಿತ ಹಾಕಿದರೆ ಮಾರುವವನಿಗೆ ಆರನೇ ಒಂದು ಭಾಗ ಸುಮ್ಮನೆ ನಷ್ಟ.

ಎರಡು, ತುದಿ ಸಣ್ಣಗಾಗುವ ಮರ. 40 ಅಡಿ ಮರದ ಬುಡದ 20 ಅಡಿಗೆ ಕಾಲು ಸುತ್ತಳತೆ 20 ಇಂಚು, ಮೇಲಿನ 20 ಅಡಿಗೆ 12 ಇಂಚು ಎಂದುಕೊಳ್ಳಿ. ಎರಡು ತುಂಡಾಗಿ ಅಳೆದರೆ 75½ ಅಡಿ. ಸರಾಸರಿ 16 ಇಂಚು ಹಿಡಿದು ಒಂದೇ ಉದ್ದವಾಗಿ ಅಳೆದರೆ 71 ಅಡಿ. ಹಾಗಾಗಿ ಕೊಳ್ಳುವವನು ಒಂದೇ ಉದ್ದ ಎನ್ನುತ್ತಿದ್ದ, ಪಾರುಪತ್ಯಗಾರ ತುಂಡು ತುಂಡಾಗಿ ಎನ್ನುತ್ತಿದ್ದ. ಕಾಲು ಸುತ್ತಳತೆ 6 ಇಂಚಿಗಿಂತ ಕಡಿಮೆಯಾದ ಮೇಲೆ ಅದು ನಾಟಾ ಅಲ್ಲ, ಕೊಂಬೆಯ ಲೆಕ್ಕಕ್ಕೆ ಹೋಗುತ್ತದೆ.

ನಿಂತ ಮರ ಮಾರುವುದು ಲಾಭವೋ, ಕಡಿಸಿ ಮಾರುವುದೋ?

ಎರಡೂ ನಡೆಯುತ್ತಿದ್ದವು. ನಿಂತ ಮರವನ್ನು ಗುತ್ತಾಗಿ ಮಾರಿದರೆ ಕಡಿಯುವ ಕೂಲಿ, ಸಾಗಣೆ, ಒಳಗಿನ ಹುಳುಕು ಎಲ್ಲವೂ ಕೊಂಡವನ ತಲೆಗೆ. ಹಣ ಬೇಗ ಬರುತ್ತದೆ. ಆದರೆ ನಿಂತ ಮರದ ಅಂದಾಜಿನಲ್ಲಿ ದಿನವಿಡೀ ಪಳಗಿದ ವರ್ತಕನ ಕಣ್ಣು, ವರ್ಷಕ್ಕೊಮ್ಮೆ ಮಾರುವ ಒಡೆಯನ ಕಣ್ಣಿಗಿಂತ ಚುರುಕು. ಕಡಿಸಿ ಅಡಿಗಿಷ್ಟು ಎಂದು ಮಾರಿದರೆ ಅಳತೆ ಕೈಯಲ್ಲಿರುತ್ತದೆ. ಆದರೆ ಒಳಗೆ ಟೊಳ್ಳು ಕಂಡರೆ ನಷ್ಟ ಒಡೆಯನದೇ, ಮಾರಾಟವಾಗದೆ ಬಿದ್ದ ದಿಮ್ಮಿ ಬಿಸಿಲಿಗೆ ಸೀಳುತ್ತದೆ. ಒಳ್ಳೆಯ ವನಪಾಲಕ ಇದ್ದ ಎಸ್ಟೇಟಿಗೆ ಕಡಿಸಿ ಮಾರುವುದು ಲಾಭ. ಸಾಲಗಾರರು ಬಾಗಿಲಲ್ಲಿ ಕೂತ ಒಡೆಯನಿಗೆ ಆ ಆಯ್ಕೆ ಇರುತ್ತಿರಲಿಲ್ಲ.

ಹರಾಜು ಹೇಗೆ ನಡೆಯುತ್ತಿತ್ತು?

ಮೊದಲು ವನಪಾಲಕ ಪ್ರತಿ ಮರದ ತೊಗಟೆ ಕೆತ್ತಿ, ಗೀರುವ ಕಬ್ಬಿಣದಿಂದ ಸಂಖ್ಯೆ ಹಾಕುತ್ತಾನೆ. ಮರಗಳನ್ನು ಗುಂಪು ಮಾಡಿ ಪಟ್ಟಿ ಬರೆಯುತ್ತಾರೆ. ಸೀಮೆಯ ಪತ್ರಿಕೆಯಲ್ಲಿ ಜಾಹೀರಾತು: ಇಂತಿಷ್ಟು ಓಕ್, ಇಂತಿಷ್ಟು ಆಶ್, ಸಂಖ್ಯೆ ಹಾಕಿದೆ, ಹಡಗು ಕಟ್ಟಲು ಯೋಗ್ಯ, ದೋಣಿ ಸಾಗುವ ಹೊಳೆಗೆ ಇಷ್ಟು ಮೈಲಿ, ಮರ ತೋರಿಸಲು ಇಂಥವರನ್ನು ಕೇಳಿ. ಹೊಳೆಯ ದೂರ ಬರೆಯದ ಜಾಹೀರಾತಿಗೆ ದೂರದ ವರ್ತಕ ಬರುವುದು ಕಷ್ಟ.

ಸವಾಲು ನಡೆಯುತ್ತಿದ್ದುದು ಊರಿನ ಛತ್ರದಲ್ಲಿ. ಹಳೆಯ ಪದ್ಧತಿಯಲ್ಲಿ ಒಂದಿಂಚು ಮೇಣದಬತ್ತಿ ಹಚ್ಚಿ, ಅದು ಆರುವ ಮುಂಚಿನ ಕೊನೆಯ ಸವಾಲಿಗೆ ಮರ ಕೊಡುತ್ತಿದ್ದರು. ಬತ್ತಿ ವಾಲುವವರೆಗೆ ಎಲ್ಲರೂ ಬಾಯಿ ಬಿಗಿಹಿಡಿದು ಕೂರುವುದು, ವರ್ತಕರು ಮೊದಲೇ ಮಾತಾಡಿಕೊಂಡು ಒಬ್ಬನೇ ಕೂಗುವುದು, ಇವೆಲ್ಲ ಇದ್ದದ್ದೇ. ಅದಕ್ಕೆ ಒಡೆಯನ ಕಡೆಯವರು ತಮ್ಮದೇ ಅಂದಾಜು ಬೆಲೆಯನ್ನು ಗುಟ್ಟಾಗಿ ಇಟ್ಟುಕೊಂಡಿರಬೇಕಿತ್ತು.

ಕರಾರಿನಲ್ಲಿ ಏನೇನು ಬರೆಸಬೇಕಿತ್ತು?

ಮರಗಳ ಸಂಖ್ಯೆ, ಬೆಲೆ, ಕಂತು. ಕಂತುಗಳು ಸಾಮಾನ್ಯವಾಗಿ ಲೇಡಿ ಡೇ ಅಂದರೆ ಮಾರ್ಚ್ 25, ಮೈಕಲ್‌ಮಸ್ ಅಂದರೆ ಸೆಪ್ಟೆಂಬರ್ 29ಕ್ಕೆ. ಕೊಂಬೆ ರೆಂಬೆ ಮತ್ತು ತೊಗಟೆ ಯಾರಿಗೆ ಎಂಬುದನ್ನು ಬಿಡಿಸಿ ಬರೆಯಬೇಕು, ಇಲ್ಲದಿದ್ದರೆ ಇಬ್ಬರೂ ತಮ್ಮದೆನ್ನುತ್ತಾರೆ. ಕಡಿದು ಹೊರಸಾಗಿಸುವ ಕೊನೆಯ ದಿನವೂ ಬೇಕು. ದಿನ ಇಲ್ಲದ ಕರಾರಿನಲ್ಲಿ ವರ್ತಕ ಬೆಲೆ ಏರಲೆಂದು ಕಾಯುತ್ತಾನೆ, ಅಷ್ಟರಲ್ಲಿ ಕಿರುಗಾಡಿನ ಹೊಸ ಚಿಗುರು ಮೇಲೆದ್ದು, ಆಮೇಲೆ ಬಂದ ಬಂಡಿಗಳ ಗಾಲಿಗೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಯಾವ ಗೇಟಿನಿಂದ, ಯಾವ ಹಾದಿಯಲ್ಲಿ ಬಂಡಿ ಹೋಗಬೇಕು. ದಿಮ್ಮಿ ಕೊಯ್ಯಲು ತೋಡಿದ ಗುಂಡಿಗಳನ್ನು ಮುಚ್ಚಬೇಕು. ಮುರಿದ ಬೇಲಿ ಕಟ್ಟಿಕೊಡಬೇಕು. ಗುಂಡಿ ಮುಚ್ಚದೆ ಹೋದರೆ ದನ ಬಿದ್ದು ಕಾಲು ಮುರಿದುಕೊಳ್ಳುತ್ತಿತ್ತು, ಗೇಣಿದಾರ ಪರಿಹಾರ ಕೇಳುತ್ತಿದ್ದುದು ಒಡೆಯನನ್ನು.

ಪೂರ್ತಿ ಹಣ ಬರುವ ಮೊದಲೇ ಮರ ಗಡಿ ದಾಟಲು ಬಿಟ್ಟರೆ, ವರ್ತಕ ದಿವಾಳಿಯಾದ ದಿನ ಒಡೆಯನಿಗೆ ಉಳಿಯುವುದು ಬುಡಗಳು ಮಾತ್ರ.

ನೌಕಾಪಡೆಗೆ ನೇರವಾಗಿ ಮಾರಬಹುದಿತ್ತೇ?

ದೊಡ್ಡ ಎಸ್ಟೇಟಿಗೆ ಸಾಧ್ಯವಿತ್ತು, ಚಿಕ್ಕವರಿಗೆ ಕಷ್ಟ. 74 ತೋಪಿನ ಒಂದು ಹಡಗಿಗೆ ಸುಮಾರು 2000 ಲೋಡ್ ಓಕ್ ಬೇಕು. ಚಾಥಮ್‌ನಲ್ಲಿ ಕಟ್ಟಿ 1765ರಲ್ಲಿ ನೀರಿಗಿಳಿಸಿದ ‘ವಿಕ್ಟರಿ’ ಯುದ್ಧನೌಕೆಗೆ ಸುಮಾರು 6000 ಮರ ಹೋಯಿತು, ಬಹುಪಾಲು ಓಕ್. ಹಡಗು ಕಟ್ಟುವ ನೌಕಾ ಕಟ್ಟೆಗಳು ದೊಡ್ಡ ಪ್ರಮಾಣವನ್ನು ಕಟ್ಟೆಗೇ ತಲುಪಿಸಬೇಕೆಂದು ಕೇಳುತ್ತಿದ್ದವು, ದೋಷವಿದ್ದ ಮರವನ್ನು ಹಿಂದಕ್ಕೆ ಕಳಿಸುತ್ತಿದ್ದವು. ಹಣ ಬರುತ್ತಿದ್ದುದು ನೇವಿ ಬಿಲ್, ಅಂದರೆ ಮುಂದೆ ಹಣ ಕೊಡುತ್ತೇವೆಂಬ ನೌಕಾಖಾತೆಯ ಚೀಟಿಯ ರೂಪದಲ್ಲಿ. ಸರದಿ ಬರುವವರೆಗೆ ಕಾಯಬೇಕು, ಇಲ್ಲವೇ ವಟ್ಟ ಕೊಟ್ಟು ಮಾರಬೇಕು. ಈ ಭಾರವನ್ನೆಲ್ಲ ಹೊರುವವನು ನಡುವಿನ ವರ್ತಕ. ಅವನು ಇಡೀ ಕಾಡು ಕೊಂಡು, ಆಯ್ದದ್ದನ್ನು ನೌಕಾಪಡೆಗೆ, ಮಿಕ್ಕದ್ದನ್ನು ಬಡಗಿಗಳಿಗೆ ಹಂಚುತ್ತಿದ್ದ.

ನೇರ ಮರಕ್ಕಿಂತ ಬಾಗಿದ ಮರಕ್ಕೆ ಹೆಚ್ಚು ಗಿರಾಕಿ. ಹಡಗಿನ ಪಕ್ಕೆಲುಬು ಮತ್ತು ಮೂಲೆಗಟ್ಟುಗಳಿಗೆ ಹುಟ್ಟಾ ಬಾಗಿದ ಓಕ್ ಬೇಕು. ಅದು ದಟ್ಟ ಕಾಡಿನಲ್ಲಿ ಸಿಗುವುದಿಲ್ಲ, ಬೇಲಿಯ ಒಂಟಿಮರಗಳಲ್ಲಿ ಸಿಗುತ್ತದೆ. ಅಂಥ ಕೊಂಬೆಯನ್ನು ತಿಳಿಯದೆ ಸೌದೆಗೆ ಕತ್ತರಿಸಿದರೆ ಮರದ ಅತಿ ಬೆಲೆಯ ಭಾಗವೇ ಒಲೆಗೆ ಹೋದಂತೆ.

ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆ ದುಡಿಯುವ ಥೇಮ್ಸ್ ತೀರದ ಖಾಸಗಿ ಕಟ್ಟೆಗಳು ಇದೇ ಓಕ್‌ಗೆ ಪೈಪೋಟಿ ನಡೆಸುತ್ತಿದ್ದವು. 1772ರಲ್ಲಿ ಪಾರ್ಲಿಮೆಂಟ್ ಕಂಪನಿಯ ಒಟ್ಟು ಹಡಗು ಸಾಮರ್ಥ್ಯ 45,000 ಟನ್‌ಗೆ ಇಳಿಯುವವರೆಗೆ ಹೊಸ ಹಡಗು ಕಟ್ಟಿಸದಂತೆ ತಡೆಹಾಕಿತು. ನೌಕಾಖಾತೆಯ ಮುಖ್ಯಸ್ಥನಾಗಿದ್ದ ಲಾರ್ಡ್ ಸ್ಯಾಂಡ್‌ವಿಚ್ ಮೂರು ವರ್ಷದ ದಾಸ್ತಾನು ಇಡಲು ಹೊರಟಿದ್ದೂ, ವರ್ತಕರ ಒಳಒಪ್ಪಂದ ಮುರಿಯಲು ಯುರೋಪಿನ ಓಕ್ ತರಿಸಿದ್ದೂ ಇದೇ ದಶಕದಲ್ಲಿ.

ಸಾಗಣೆಯ ಖರ್ಚು ಅಷ್ಟೊಂದು ಇತ್ತೇ?

ಹಸಿ ಓಕ್ ಘನ ಅಡಿಗೆ 60 ಪೌಂಡಿಗಿಂತ (ಇದು ತೂಕದ ಪೌಂಡ್) ಹೆಚ್ಚು ತೂಗುತ್ತದೆ. ಮೇಲೆ ಲೆಕ್ಕ ಹಾಕಿದ ಒಂದೇ ದಿಮ್ಮಿ, ನಿಜವಾದ 68¾ ಘನ ಅಡಿ ಹಿಡಿದರೆ, ಹತ್ತಿರ ಹತ್ತಿರ 2 ಟನ್. ಸಸೆಕ್ಸ್‌ನ ವೀಲ್ಡ್ ಸೀಮೆಯ ಓಕ್‌ಗೆ ದೊಡ್ಡ ಹೆಸರು, ಅಲ್ಲಿನ ಜೇಡಿ ರಸ್ತೆಗೆ ಅಷ್ಟೇ ಕೆಟ್ಟ ಹೆಸರು. ಒಂದೇ ಮರವನ್ನು 22 ಎತ್ತುಗಳು ಎಳೆಯುವುದನ್ನು ಅಲ್ಲಿ ಕಂಡೆನೆಂದು ಡೇನಿಯಲ್ ಡಿಫೋ 1720ರ ದಶಕದಲ್ಲಿ ಬರೆದ. ಸ್ವಲ್ಪ ದೂರ ಎಳೆದು ಬಿಟ್ಟುಹೋದ ಮರವನ್ನು ಇನ್ನೊಂದು ಬಂಡಿ ಮುಂದೆ ಒಯ್ಯುತ್ತಿತ್ತು. ಮಳೆ ಹಿಡಿದರೆ ಅದು ಚಾಥಮ್ ತಲುಪಲು ಎರಡು ಮೂರು ವರ್ಷ ಹಿಡಿಯುತ್ತಿತ್ತು. ಹೀಗಾಗಿ ಎಳೆಯುವ ಕೆಲಸವನ್ನು ನೆಲ ಗಟ್ಟಿಯಾದ ಬೇಸಗೆಗೆ ಇಟ್ಟುಕೊಳ್ಳುತ್ತಿದ್ದರು. ಹಸಿ ಓಕ್ ನೀರಿನಲ್ಲಿ ಮುಳುಗುವಷ್ಟು ಭಾರ, ತೇಲಿಸಿ ಒಯ್ಯಲು ನೆಚ್ಚುವಂತಿಲ್ಲ, ದೋಣಿಯೇ ಬೇಕು. 1760ರ ನಂತರ ಕಾಲುವೆಗಳು ಬಂದ ಕಡೆ, ಅದುವರೆಗೆ ಸೌದೆಯ ಬೆಲೆಗೂ ಕೇಳುವವರಿಲ್ಲದ ಒಳನಾಡಿನ ಮರಕ್ಕೆ ಮಾರುಕಟ್ಟೆ ಹುಟ್ಟಿತು.

ಮರದೊಳಗಿನ ದೋಷ ಹೊರಗಿನಿಂದ ತಿಳಿಯುತ್ತಿತ್ತೇ?

ಸ್ವಲ್ಪ ಮಟ್ಟಿಗೆ. ಕೊಡಲಿಯ ಹಿಂಬದಿಯಿಂದ ಬಡಿದಾಗ ಮಂಕು ಸದ್ದು ಬಂದರೆ ಟೊಳ್ಳು. ತುದಿ ಒಣಗಿದ್ದರೆ, ಬುಡದಲ್ಲಿ ಅಣಬೆ ಇದ್ದರೆ, ಮುರಿದ ಕೊಂಬೆಯ ಜಾಗದಲ್ಲಿ ನೀರಿಳಿದಿದ್ದರೆ ಒಳಗೆ ಕೊಳೆ. ಅನುಮಾನ ಬಂದಲ್ಲಿ ಬೈರಿಗೆಯಿಂದ ಕೊರೆದು ಪುಡಿಯ ಬಣ್ಣ ನೋಡುತ್ತಿದ್ದರು. ಆದರೆ ವರ್ಷದ ಉಂಗುರಗಳು ಒಂದರಿಂದೊಂದು ಬಿಟ್ಟುಕೊಂಡ ಬಿರುಕು ಮರ ಬಿದ್ದ ಮೇಲೆಯೇ ಕಾಣುವುದು. ಅಂಥ ಮರದಿಂದ ಹಲಗೆ ಕೊಯ್ದರೆ ಪದರ ಪದರವಾಗಿ ಉದುರುತ್ತದೆ.

ಕಿರುಗಾಡಿನ ಕಟಾವನ್ನು ಯಾರು ಕೊಳ್ಳುತ್ತಿದ್ದರು?

ಕೆಂಟ್‌ನಲ್ಲಿ ಬಿಯರ್‌ಗೆ ಬಳಸುವ ಹಾಪ್ಸ್ ಬಳ್ಳಿಗೆ ಗಳು, ಎಲ್ಲೆಡೆ ಕುರಿತಟ್ಟಿ, ಪೀಪಾಯಿ ಪಟ್ಟಿ, ರೊಟ್ಟಿ ಒಲೆಗೆ ಸೌದೆಹೊರೆ. ದೊಡ್ಡ ಗಿರಾಕಿ ಕಬ್ಬಿಣದ ಕುಲುಮೆಯವರು, ಇದ್ದಿಲಿಗಾಗಿ ವರ್ಷಗಟ್ಟಲೆ ಕರಾರು ಮಾಡಿಕೊಳ್ಳುತ್ತಿದ್ದರು. ಅಬ್ರಹಾಂ ಡಾರ್ಬಿ 1709ರಲ್ಲಿ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಇದ್ದಿಲಿನ ಬದಲು ಕೋಕ್‌ನಿಂದ (ಸುಟ್ಟು ಹದ ಮಾಡಿದ ಕಲ್ಲಿದ್ದಲು) ಕಬ್ಬಿಣ ಕರಗಿಸಿದ. ಶತಮಾನದ ಉತ್ತರಾರ್ಧದಲ್ಲಿ ಆ ವಿಧಾನ ಹರಡಿದಂತೆ ವೀಲ್ಡ್‌ನ ಕುಲುಮೆಗಳು ಒಂದೊಂದಾಗಿ ಆರಿದವು. ಕಟಾವಾದ ಮೇಲೆ ಬೇಲಿ ಹಾಕದಿದ್ದರೆ ದನ, ಜಿಂಕೆ ಚಿಗುರು ಮೇಯ್ದು ಮುಂದಿನ ಫಸಲೇ ಇಲ್ಲವಾಗುತ್ತಿತ್ತು. 1543ರ ಕಾಯ್ದೆ ಬೇಲಿಯನ್ನೂ, ಎಕರೆಗೆ 12 ಎಳೆ ಓಕ್ ಉಳಿಸುವುದನ್ನೂ ಕಡ್ಡಾಯ ಮಾಡಿತ್ತು.

ಮರಗಳ್ಳತನಕ್ಕೆ ಶಿಕ್ಷೆ?

1766ರ ಕಾಯ್ದೆಯಲ್ಲಿ ನಾಟಾ ಮರ ಕಡಿದವನಿಗೆ ಮೊದಲ ಸಲ 20 ಪೌಂಡ್‌ವರೆಗೆ ದಂಡ, ಮೂರನೇ ಸಲಕ್ಕೆ ಏಳು ವರ್ಷ ಗಡೀಪಾರು. ಸೌದೆ ಆಯುವ ಬಡ ಹೆಂಗಸರಿಗೂ ದಿಮ್ಮಿ ಕದಿಯುವವರಿಗೂ ನಡುವಿನ ಗೆರೆಯನ್ನು ಎಳೆಯುತ್ತಿದ್ದವರು ಜಮೀನ್ದಾರರೇ ಆಗಿದ್ದ ನ್ಯಾಯಾಧೀಶರು. ಆ ಕಾಲದ ದೊಡ್ಡ ಅನ್ಯಾಯಗಳಲ್ಲಿ ಇದೂ ಒಂದು.

ಮತ್ತೆ ನೆಡುತ್ತಿದ್ದರೇ?

ನೆಡುತ್ತಿದ್ದರು. 1754ರಲ್ಲಿ ಹುಟ್ಟಿದ ಸೊಸೈಟಿ ಆಫ್ ಆರ್ಟ್ಸ್ ಓಕ್ ಮುಂತಾದ ಮರ ನೆಟ್ಟವರಿಗೆ ಪದಕ ಕೊಟ್ಟು ಹುರಿದುಂಬಿಸಿತು. ಆದರೆ ನಾಟಾಕ್ಕೆ ಬರುವ ಓಕ್‌ಗೆ ಎಂಬತ್ತು, ನೂರು ವರ್ಷ ಬೇಕು. ಬೇಗ ಬೆಳೆಯುವ ಲಾರ್ಚ್, ಫರ್ ಕಡೆಗೆ ಬಹಳ ಮಂದಿ ವಾಲಿದ್ದು ಸಹಜ.

ಇದಕ್ಕೂ ಕನ್ನಡ ಕರಾವಳಿಗೂ ನಂಟು ಇದೆಯೇ?

ಇದೆ. ಶತಮಾನದ ಕೊನೆಗೆ ಒಳ್ಳೆಯ ಓಕ್‌ನ ಅಭಾವ ಬಿಗಿಯಾದಾಗ ಬ್ರಿಟಿಷರ ಕಣ್ಣು ಪಶ್ಚಿಮ ಕರಾವಳಿಯ ಸಾಗುವಾನಿಯ ಮೇಲೆ ಬಿತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಕಂಪನಿಯ ಕೈಸೇರಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಮಲಬಾರಿನ ಕಾಡುಗಳ ಮೇಲ್ವಿಚಾರಣೆಗೆ ನೇಮಿಸಿದರು, ನೌಕಾಪಡೆಗಾಗಿ ಸಾಗುವಾನಿಯನ್ನು ಕಂಪನಿಯ ಸ್ವತ್ತಾಗಿ ಹಿಡಿದಿಟ್ಟುಕೊಂಡರು. ಬಾಂಬೆಯ ಕಟ್ಟೆಯಲ್ಲಿ ಸಾಗುವಾನಿಯಿಂದ ಕಟ್ಟಿದ 74 ತೋಪಿನ ‘ಮಿಂಡೆನ್’ 1810ರಲ್ಲಿ ನೀರಿಗಿಳಿಯಿತು. ಇಂಗ್ಲೆಂಡಿನಲ್ಲಿ ಒಡೆಯನ ಪತ್ರ, ಗೇಣಿದಾರನ ಹಕ್ಕು, ಅಳತೆಯ ಚೌಕಾಶಿ ಎಲ್ಲ ಮುಗಿದ ಮೇಲೆ ಕೈಗೆ ಬರುತ್ತಿದ್ದ ಮರ, ಇಲ್ಲಿ ಒಂದು ಸರ್ಕಾರಿ ಘೋಷಣೆಯಿಂದ ಕೈಗೆ ಬಂತು. ಬೆಟ್ಟದ ಜನರನ್ನು ಯಾರೂ ಬೆಲೆ ಕೇಳಲಿಲ್ಲ.